ಚೇಂಜ್‌ಲಾಗ್‌ಗೆ ಯೂನಿಯನ್ ಮರ್ಜ್ ಹಾಕುವ ಮುನ್ನ ಇದನ್ನೊಮ್ಮೆ ಓದಿ

ಒಂದಕ್ಕಿಂತ ಹೆಚ್ಚು ರಿಲೀಸ್ ಬ್ರ್ಯಾಂಚ್‌ಗಳನ್ನು (ಬಿಡುಗಡೆಗೆಂದು ಬೇರೆಯಾಗಿ ಬೆಳೆಸುವ ಕೋಡಿನ ಕವಲುಗಳನ್ನು) ನಿಭಾಯಿಸುವ ತಂಡಗಳಿಗೆ ಚೇಂಜ್‌ಲಾಗ್, ಅಂದರೆ ಪ್ರತಿ ಆವೃತ್ತಿಯ ಬದಲಾವಣೆಗಳ ಪಟ್ಟಿ ಇರುವ ಫೈಲಿನ ಕಾನ್‌ಫ್ಲಿಕ್ಟ್ (ಒಂದೇ ಜಾಗದ ತಿದ್ದುಪಡಿಗಳ ಘರ್ಷಣೆ) ನಿತ್ಯದ ಕಿರಿಕಿರಿ. ಎಲ್ಲರೂ ‘ಅನ್‌ರಿಲೀಸ್ಡ್’ ಶೀರ್ಷಿಕೆಯ ಕೆಳಗೆ ಅದೇ ಜಾಗದಲ್ಲಿ ತಮ್ಮ ಸಾಲು ಸೇರಿಸುವುದರಿಂದ, ಒಬ್ಬರದು ಒಳಗೆ ಹೋದ ಕೂಡಲೇ ಉಳಿದವರ ಮರ್ಜ್ (ಕವಲುಗಳನ್ನು ಕೂಡಿಸುವ ಕೆಲಸ) ನಿಲ್ಲುತ್ತದೆ. ಕೋಡಿನ ಇತಿಹಾಸ ಕಾಯುವ ಗಿಟ್ ತಂತ್ರಾಂಶಕ್ಕೆ ಸೂಚನೆ ಕೊಡುವ ಗಿಟ್‌ಆಟ್ರಿಬ್ಯೂಟ್ಸ್ ಫೈಲಿನಲ್ಲಿ ಚೇಂಜ್‌ಲಾಗ್‌ಗೆ ‘ಮರ್ಜ್=ಯೂನಿಯನ್’ ಎಂದು ಒಂದು ಸಾಲು ಬರೆದರೆ ಈ ಕಾಟ ತಪ್ಪುತ್ತದೆ ಎಂಬ ಸಲಹೆ ನಿಮಗೂ ಸಿಕ್ಕಿರಬಹುದು. ನಮ್ಮ ತಂಡದಲ್ಲಿ ಅದನ್ನೇ ಮಾಡಲಾಗಿತ್ತು. ಕಾಟವೇನೋ ತಪ್ಪಿತು, ಆದರೆ ಚೇಂಜ್‌ಲಾಗ್ ಸುಳ್ಳು ಹೇಳತೊಡಗಿತು.

ಆಗ ನಾವು ಮೇನ್ ಎಂಬ ಮುಖ್ಯ ಬ್ರ್ಯಾಂಚ್ ಜೊತೆಗೆ 4.2 ಮತ್ತು 4.3 ಬ್ರ್ಯಾಂಚ್‌ಗಳನ್ನು ನಡೆಸುತ್ತಿದ್ದೆವು. ಸಂಪರ್ಕ ಕಡಿದು ಮತ್ತೆ ಸೇರಿದಾಗ ಒಂದೇ ಪಾವತಿ ಎರಡು ಸಲ ದಾಖಲಾಗುವ ದೋಷವೊಂದಿತ್ತು. ಅದರ ಪರಿಹಾರ 4.2ರಿಂದ ಒಡೆದ ಬ್ರ್ಯಾಂಚೊಂದರಲ್ಲಿ ಇನ್ನೂ ರಿವ್ಯೂ ಹಂತದಲ್ಲಿರುವಾಗಲೇ 4.2.7 ಬಿಡುಗಡೆಯಾಯಿತು. ಬಿಡುಗಡೆಯ ಕಮಿಟ್‌ನಲ್ಲಿ (ಗಿಟ್‌ನಲ್ಲಿ ದಾಖಲಿಸಿದ ಬದಲಾವಣೆಯಲ್ಲಿ) ‘ಅನ್‌ರಿಲೀಸ್ಡ್’ ಶೀರ್ಷಿಕೆಯನ್ನು ಹಾಗೆಯೇ ಇಟ್ಟು, ಅದಕ್ಕೆ ತಾಗಿದಂತೆ ಕೆಳಗೆ ‘4.2.7’ ಎಂಬ ಹೊಸ ಶೀರ್ಷಿಕೆಯನ್ನು ಸೇರಿಸಲಾಯಿತು. ಪರಿಹಾರದ ಬ್ರ್ಯಾಂಚ್ ತನ್ನ ಸಾಲನ್ನು ಸೇರಿಸಿದ್ದದ್ದೂ ಅದೇ ಜಾಗದಲ್ಲಿ. ಸಾಮಾನ್ಯ ಮರ್ಜ್ ಆಗಿದ್ದರೆ ಇಲ್ಲಿ ನಿಂತು, ಏನು ಮಾಡಲೆಂದು ಕೇಳುತ್ತಿತ್ತು. ಯೂನಿಯನ್ ಕೇಳುವುದಿಲ್ಲ, ಎರಡೂ ಕಡೆಯ ಸಾಲುಗಳನ್ನು ಒಂದರ ಕೆಳಗೊಂದು ಪೇರಿಸಿ ಮುಂದೆ ಹೋಗುತ್ತದೆ. ಮೊದಲು ‘4.2.7’ ಶೀರ್ಷಿಕೆ, ಅದರ ಕೆಳಗೆ ‘ಪಾವತಿ ಎರಡು ಸಲ ದಾಖಲಾಗುವುದನ್ನು ಸರಿಪಡಿಸಲಾಗಿದೆ’ ಎಂಬ ಸಾಲು. 4.2.7ರಲ್ಲಿ ಆ ಪರಿಹಾರ ಇರಲೇ ಇಲ್ಲ. ಸಾಲುಗಳ ಕ್ರಮ ಏರುಪೇರಾಗಬಹುದು, ಪರಿಣಾಮ ತಿಳಿಯದೆ ಇದನ್ನು ಬಳಸಬೇಡಿ ಎಂದು ಗಿಟ್‌ನ ಕೈಪಿಡಿಯೇ ಹೇಳುತ್ತದೆ; ಸಲಹೆ ಕೊಡುವವರು ಆ ವಾಕ್ಯವನ್ನು ಮಾತ್ರ ಬಿಟ್ಟುಬಿಡುತ್ತಾರೆ.

ಪರಿಹಾರ ನಿಜವಾಗಿ ಹೊರಬಂದದ್ದು 4.2.8ರಲ್ಲಿ. ಗ್ರಾಹಕರೊಬ್ಬರ ಕಡೆಯವರು ಚೇಂಜ್‌ಲಾಗ್ ನೋಡಿ, ತಮ್ಮಲ್ಲಿರುವ 4.2.7ರಲ್ಲಿಯೇ ಅದು ಇದೆಯೆಂದು ನಂಬಿ ಅಪ್‌ಗ್ರೇಡ್ ಮುಂದೂಡಿದರು. ಪಾವತಿಗಳು ಮತ್ತೆ ಎರಡೆರಡಾದಾಗ ನಮ್ಮ ಸಪೋರ್ಟ್‌ನವರೂ ಅದೇ ಪಟ್ಟಿಯನ್ನು ನಂಬಿ, ದೋಷವನ್ನು ಗ್ರಾಹಕರ ನೆಟ್‌ವರ್ಕ್‌ನಲ್ಲಿ ಹುಡುಕಿದರು. ಕೊನೆಗೆ ಯಾರೋ ಪರಿಹಾರದ ಕಮಿಟ್‌ನ ಸಂಖ್ಯೆ ಕೊಟ್ಟು, ಅದು ಯಾವ ಟ್ಯಾಗುಗಳಲ್ಲಿ (ಬಿಡುಗಡೆಗಳಿಗೆ ಅಂಟಿಸಿದ ಗುರುತುಗಳಲ್ಲಿ) ಇದೆಯೆಂದು ತಿಳಿಯಲು ಗಿಟ್ ಟ್ಯಾಗ್ ಆಜ್ಞೆಯನ್ನು ಕಂಟೇನ್ಸ್ ಆಯ್ಕೆಯೊಂದಿಗೆ ಓಡಿಸಿದಾಗ ಉತ್ತರದಲ್ಲಿ 4.2.7 ಇರಲಿಲ್ಲ.

ಇದೇ ಜಾತಿಯ ಇನ್ನೊಂದು ಬಲೆಯನ್ನೂ ಆಗಲೇ ಕಂಡೆವು. 4.3.0 ಬಿಡುಗಡೆಯಾದದ್ದು 4.2.8ಕ್ಕಿಂತ ಮೊದಲು, ಆದ್ದರಿಂದ ಪಾವತಿಯ ಪರಿಹಾರ 4.3.0ರಲ್ಲಿ ಇಲ್ಲ. ಮೇನ್‌ನ ಚೇಂಜ್‌ಲಾಗ್‌ನಲ್ಲಿ ಆವೃತ್ತಿಗಳನ್ನು ಸಂಖ್ಯೆಯ ಕ್ರಮದಲ್ಲಿ ಜೋಡಿಸಿದ್ದರಿಂದ, ಮೇಲಿರುವ 4.3.0ರಲ್ಲಿ ಕೆಳಗಿರುವುದೆಲ್ಲ ಅಡಕವಾಗಿದೆ ಎಂದೇ ಓದುಗರು ತಿಳಿಯುತ್ತಾರೆ. 4.2.8ರಿಂದ 4.3.0ಕ್ಕೆ ಏರಿದವರಿಗೆ ಹಳೆಯ ದೋಷ ಮರಳಿ ಬರುತ್ತದೆ. ಪ್ರತಿ ಶೀರ್ಷಿಕೆಯ ಮುಂದೆ ದಿನಾಂಕ ಬರೆಯಿರಿ. ಬ್ಯಾಕ್‌ಪೋರ್ಟ್ ಮಾಡಿದ (ಹಳೆಯ ಬ್ರ್ಯಾಂಚಿಗೂ ಒಯ್ದ) ಪರಿಹಾರ ಯಾವ ಯಾವ ಆವೃತ್ತಿಗಳಲ್ಲಿದೆ ಎಂದು ಅದರ ಸಾಲಿನಲ್ಲಿಯೇ ಹೇಳಿ.

ಒಂದೇ ಫೈಲನ್ನು ಎಲ್ಲರೂ ತಿದ್ದುವುದನ್ನು ದೊಡ್ಡ ಯೋಜನೆಗಳು ಎಂದೋ ಬಿಟ್ಟಿವೆ. ಪೈಥಾನ್ ಭಾಷೆಯ ಮೂಲ ಅಳವಡಿಕೆಯಾದ ಸಿಪೈಥಾನ್ 2017ರಲ್ಲಿ ಬ್ಲರ್ಬ್ ಎಂಬ ಸಲಕರಣೆಗೆ ಹೋಯಿತು, ಪೈಥಾನ್ ಪ್ಯಾಕೇಜುಗಳನ್ನು ಅಳವಡಿಸುವ ಪಿಪ್ ಯೋಜನೆ ಟೌನ್‌ಕ್ರೈಯರ್ ಬಳಸುತ್ತದೆ; ಎರಡರಲ್ಲೂ ಪ್ರತಿ ಬದಲಾವಣೆಗೆ ಒಂದು ಪುಟ್ಟ ಫೈಲು, ಬಿಡುಗಡೆಯ ಹೊತ್ತಿಗೆ ಅವುಗಳನ್ನು ಕೂಡಿಸಿ ಪಟ್ಟಿ. ನಾವೂ ಹಾಗೆಯೇ ಮಾಡಿದೆವು. ಆದರೆ 4.2ರ ಬಿಡುಗಡೆಯಲ್ಲಿ ಆ ಪುಟ್ಟ ಫೈಲುಗಳನ್ನು ಅಳಿಸಿದ ಕಮಿಟ್‌ ಮೇನ್‌ಗೂ ಮರ್ಜ್ ಆದರೆ ಅವು ಅಲ್ಲಿಂದಲೂ ಮಾಯವಾಗುತ್ತವೆ, ಇದನ್ನು ಗಮನಿಸಿ. ಕ್ಲೌಡ್ ತಂತ್ರಾಂಶ ಯೋಜನೆಯಾದ ಓಪನ್‌ಸ್ಟ್ಯಾಕ್‌ನವರ ರೀನೋ ಎಂಬ ಸಲಕರಣೆ ಗಿಟ್ ಇತಿಹಾಸವನ್ನೇ ಓದಿ ಟಿಪ್ಪಣಿ ಯಾವ ಟ್ಯಾಗಿಗೆ ಸೇರಿದ್ದೆಂದು ನಿರ್ಧರಿಸುತ್ತದೆ. ಅದರಲ್ಲೂ ಹಳೆಯ ಬಿಡುಗಡೆಯ ಟಿಪ್ಪಣಿಯನ್ನು ಮುಖ್ಯ ಬ್ರ್ಯಾಂಚಿನಲ್ಲಿ ತಿದ್ದಿದರೆ ಅದು ಹೊಸ ಬಿಡುಗಡೆಯ ಕೆಳಗೆ ಬಂದು ಕೂರುತ್ತದೆ.

ಈ ಬದಲಾವಣೆಗೆ ಪುರುಸೊತ್ತಿಲ್ಲದ ತಂಡಗಳು ಕನಿಷ್ಠ ಒಂದು ಪರೀಕ್ಷೆಯನ್ನು ಸಿಐನಲ್ಲಿ (ಪ್ರತಿ ಬದಲಾವಣೆಗೂ ತಾನಾಗಿ ಓಡುವ ತಪಾಸಣೆಯಲ್ಲಿ) ಸೇರಿಸಲಿ: ಬಿಡುಗಡೆಯಾದ ಪ್ರತಿ ಆವೃತ್ತಿಯ ಶೀರ್ಷಿಕೆಯ ಕೆಳಗಿನ ಪಠ್ಯ, ಅದೇ ಟ್ಯಾಗಿನಲ್ಲಿರುವ ಚೇಂಜ್‌ಲಾಗ್‌ನ ಪಠ್ಯಕ್ಕೆ ಅಕ್ಷರಶಃ ಹೊಂದದಿದ್ದರೆ ಬಿಲ್ಡ್ ನಿಲ್ಲಬೇಕು. ಯೂನಿಯನ್ ಸಾಲನ್ನು ಅದಕ್ಕೂ ಮೊದಲು ತೆಗೆದುಹಾಕಿ. ನಮ್ಮ 4.2.8ರ ಪ್ಯಾಕೇಜಿನೊಳಗೆ ತಪ್ಪು ಪಟ್ಟಿಯೇ ಹೋಗಿತ್ತು, ಅದನ್ನು ಹಿಂದಕ್ಕೆ ತರಲಾಗಲಿಲ್ಲ, 4.2.9ರ ಪಟ್ಟಿಯ ಮೊದಲ ಸಾಲಾಗಿ ತಿದ್ದುಪಡಿಯನ್ನು ಪ್ರಕಟಿಸಬೇಕಾಯಿತು.