ಹೆಲ್ಮೆಟ್ಟೋ, ಎದೆಯೋ? ಬೈಕ್ ವಿಡಿಯೋಗೆ ಕ್ಯಾಮೆರಾ ಎಲ್ಲಿರಬೇಕು

ಮೌಂಟೇನ್ ಬೈಕ್ ವಿಡಿಯೋ ಮಾಡಹೊರಟವರು ಮೊದಲು ಕೇಳುವುದು ಯಾವ ಕ್ಯಾಮೆರಾ ಕೊಳ್ಳಲಿ ಎಂದು. ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಅದನ್ನು ಎಲ್ಲಿ ಕಟ್ಟಬೇಕು ಎಂಬುದು. ಒಂದೇ ಆಕ್ಷನ್ ಕ್ಯಾಮೆರಾವನ್ನು ಒಂದೇ ಇಳಿಜಾರಿನಲ್ಲಿ ಹ್ಯಾಂಡಲ್‌ಬಾರ್, ಹೆಲ್ಮೆಟ್, ಎದೆ ಮೂರೂ ಕಡೆ ಹಾಕಿ ನೋಡಿದ್ದೇನೆ. ಬೇರೆ ಬೇರೆ ಟ್ರೇಲ್‌ನಲ್ಲಿ ತೆಗೆದಷ್ಟು ವ್ಯತ್ಯಾಸ ಕಾಣುತ್ತದೆ.

ಹ್ಯಾಂಡಲ್‌ಬಾರ್ ನಯವಾದ ಹಾದಿಗೆ ಸರಿ. ಕಲ್ಲು, ಬೇರು ಬಂದರೆ ಪ್ರತಿ ಹೊಡೆತವೂ ನೇರ ಕ್ಯಾಮೆರಾಗೇ ಬೀಳುತ್ತದೆ.

ನಿಜವಾದ ಪೈಪೋಟಿ ಉಳಿದ ಎರಡರ ನಡುವೆ. ಹೆಲ್ಮೆಟ್ ಮೇಲಿನ ಕ್ಯಾಮೆರಾ ನಾವು ನೋಡಿದ ಕಡೆಗೇ ನೋಡುತ್ತದೆ. ಬಿಗಿಯಾದ ತಿರುವುಗಳಲ್ಲಿ ಮುಂದಿನ ದಾರಿ ಫ್ರೇಮಿನಲ್ಲೇ ಇರುತ್ತದೆ. ಕುಲುಕಾಟವನ್ನು ಕೈಕಾಲು, ಕುತ್ತಿಗೆ ಹೀರಿಕೊಳ್ಳುವುದರಿಂದ ಚಿತ್ರವೂ ಸ್ಥಿರ. ಆದರೆ ಬೈಕ್ ಸರಿಯಾಗಿ ಕಾಣುವುದಿಲ್ಲ. ವೈಡ್ ಲೆನ್ಸ್ ಇಳಿಜಾರನ್ನು ಹೇಗೂ ಚಪ್ಪಟೆ ಮಾಡುತ್ತದೆ, ಎತ್ತರದಿಂದ ತೆಗೆದರೆ ಇನ್ನೂ ಜಾಸ್ತಿ. ಎದೆ ನಡುಗಿಸಿದ ಇಳಿಜಾರು ಪರದೆಯ ಮೇಲೆ ಸುಮ್ನೆ ಕಾಲುದಾರಿಯಂತೆ ಕಂಡರೆ ಬೇಜಾರಾಗುತ್ತದೆ, ಅಲ್ವಾ?

ಎದೆಗೆ ಕಟ್ಟಿದಾಗ ಕೈಗಳು, ಬಾರ್, ಕುಗ್ಗಿ ಏಳುವ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಕವಲು) ಎಲ್ಲ ಕಾಣುತ್ತವೆ. ನೆಲ ಹತ್ತಿರವಿರುವುದರಿಂದ ವೇಗವೂ ಗೊತ್ತಾಗುತ್ತದೆ. ಇಳಿಯುವಾಗ ಮೈ ಬಗ್ಗುತ್ತದೆ, ಹಾಗಾಗಿ ಕ್ಯಾಮೆರಾವನ್ನು ಚೆನ್ನಾಗಿ ಮೇಲಕ್ಕೆ ಓರೆ ಮಾಡಿಕೊಳ್ಳಬೇಕು. ತಲೆಕೆಳಗಾಗಿ ಸಿಕ್ಕಿಸಿದರೆ ಇದು ಸುಲಭ. ಏರುವಾಗ ಮಾತ್ರ ಮೊಣಕಾಲುಗಳು ಅಡ್ಡ ಬರುತ್ತವೆ, ಚಿತ್ರ ಆಕಡೆ ಈಕಡೆ ತೂಗುತ್ತದೆ. ಆದರೂ ಇಳಿಜಾರಿಗೆ ನನ್ನ ಆಯ್ಕೆ ಎದೆಯೇ. ಗಲ್ಲವನ್ನೂ ಮುಚ್ಚುವ ಫುಲ್‌ಫೇಸ್ ಹೆಲ್ಮೆಟ್ ಇದ್ದವರು ಗಲ್ಲದ ಭಾಗಕ್ಕೆ ಕಟ್ಟಿದರೆ ಎರಡರ ಗುಣವೂ ಸಿಗುತ್ತದೆ.

ಮರಗಳ ನೆರಳಿನಲ್ಲಿ ಇನ್ನೊಂದು ತೊಡಕು ಬರುತ್ತದೆ. ಬೆಳಕು ಕಡಿಮೆಯಾದಾಗ ಕ್ಯಾಮೆರಾ ಶಟರ್ ನಿಧಾನ ಮಾಡುತ್ತದೆ, ಕುಲುಕಾಟಕ್ಕೆ ಪ್ರತಿ ಫ್ರೇಮೂ ಮಸುಕಾಗುತ್ತದೆ. ಸ್ಟೆಬಿಲೈಸೇಷನ್ (ಅಲುಗಾಟ ಸರಿಪಡಿಸುವ ಸೌಲಭ್ಯ) ಫ್ರೇಮನ್ನು ಅಂಚಿನಲ್ಲಿ ಕತ್ತರಿಸಿ ನಿಲ್ಲಿಸುತ್ತದೆ, ಆದರೆ ಒಳಗಿನ ಮಸುಕನ್ನು ತೆಗೆಯಲಾರದು. ಚಿತ್ರ ನಿಂತಲ್ಲೇ ಅದುರುತ್ತದೆ. ಅಲ್ಲಿ ಐಎಸ್‌ಒ, ಅಂದರೆ ಬೆಳಕಿನ ಸಂವೇದನೆಯ ಮಿತಿಯನ್ನು ಏರಿಸುತ್ತೇನೆ, ಆಗ ಶಟರ್ ವೇಗವಾಗಿಯೇ ಇರುತ್ತದೆ. ಸ್ವಲ್ಪ ಕಾಳು ಕಾಳಾದರೂ ಪರವಾಗಿಲ್ಲ. ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಬಯಲಿನ ಬಿಸಿಲಿಗೆ ಚೆಂದ, ಕಾಡಿನೊಳಗೆ ಬಿಚ್ಚಿಡಿ.

ಎಡಿಟಿಂಗ್‌ಗೆ ಫೋನೋ, ಕಂಪ್ಯೂಟರೋ? ಒಂದು ನಿಮಿಷದ ತುಣುಕಿಗೆ ಫೋನ್ ಸಾಕು. ಉದ್ದದ ವಿಡಿಯೋಗೆ ಆಗದು. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ತೆಗೆದರೆ ಗಂಟೆಗೆ 45 ಜಿಬಿ ತುಂಬುತ್ತದೆ. ನಾನು ಕಂಪ್ಯೂಟರಿನಲ್ಲಿ ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶದ ಉಚಿತ ಆವೃತ್ತಿ ಬಳಸುತ್ತೇನೆ. ಪ್ರಾಕ್ಸಿ (ಎಡಿಟಿಂಗ್‌ಗಾಗಿ ಹಗುರವಾದ ನಕಲು) ಮಾಡಿಕೊಂಡರೆ ಹಳೆಯ ಲ್ಯಾಪ್‌ಟಾಪ್ ಕೂಡ ತಡವರಿಸುವುದಿಲ್ಲ. ಸೆಕೆಂಡಿಗೆ 60 ಫ್ರೇಮಿನಲ್ಲಿ ತೆಗೆದದ್ದನ್ನು 30ರ ಟೈಮ್‌ಲೈನ್‌ಗೆ ಹಾಕಿದರೆ ಜಿಗಿತಗಳನ್ನು ಅರ್ಧ ವೇಗದಲ್ಲಿ ನಯವಾಗಿ ತೋರಿಸಬಹುದು. ಅತಿಯಾಗಿ ಮಾಡಬೇಡಿ, ಓಟದ ಲಯ ಹೋಗುತ್ತದೆ.

ಸದ್ದಿನಲ್ಲೂ ಎದೆಯೇ ಮೇಲು. ಹೆಲ್ಮೆಟ್ ಮೇಲೆ ಗಾಳಿ ಮೊರೆಯುತ್ತದೆ. ಎದೆಯ ಬಳಿ ಉಸಿರು, ಟೈರ್, ಚಕ್ರದ ನಡುವಿನ ಹಬ್‌ನ ಟಿಕ್‌ಟಿಕ್ ಕೇಳುತ್ತವೆ. ಹಾಡು ಹಾಕಿದರೂ ಅವನ್ನು ಪೂರ್ತಿ ಮುಚ್ಚಬೇಡಿ.