ಹನ್ನೆರಡು ಟ್ಯೂಬ್ ಆಯಿಲ್ ಕಲರ್ ಸೆಟ್: ಚಿಕ್ಕ ಮನೆಯವರು ತಗೊಳ್ಳುವ ಮುಂಚೆ ಓದಿ

20 ಎಂ.ಎಲ್.ನ ಹನ್ನೆರಡು ಟ್ಯೂಬ್ ಇರುವ ಸ್ಟೂಡೆಂಟ್ ಸೆಟ್ ಇದು. ಕಂಪನಿ ಹೆಸರು ಬೇಡ, ಯಾಕಂದರೆ ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಯಾವ ಕಂಪನಿಯ ಆಯಿಲ್ ಕಲರ್‌ಗಾದರೂ ಸರಿಹೊಂದುತ್ತದೆ. ಎರಡು ಮಳೆಗಾಲ ಬಳಸಿ ನೋಡಿ ಬರೆಯುತ್ತಿದ್ದೇನೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಚಿತ್ರಗಳ ಮುಂದೆ ನಿಂತಾಗಲೆಲ್ಲ, ಆ ಸೀರೆ ನೆರಿಗೆಯ ಹೊಳಪು ಅಕ್ರಿಲಿಕ್‌ನಲ್ಲಿ (ನೀರು ಬೆರೆಸಿ ಹಚ್ಚುವ ಬಣ್ಣ) ನನ್ನ ಕೈಗೆ ಸಿಗುತ್ತಿಲ್ಲವಲ್ಲ ಅನ್ನಿಸುತ್ತಿತ್ತು. ಅದಕ್ಕೇ ತಗೊಂಡೆ.

ದೊಡ್ಡ ತೊಂದರೆ ಒಣಗುವುದು. ಅಕ್ರಿಲಿಕ್ ಆದರೆ ನೀರು ಆರಿದರೆ ಮುಗಿಯಿತು. ಇಲ್ಲಿ ಹಾಗಲ್ಲ, ಬಣ್ಣದೊಳಗಿನ ಅಗಸೆ ಎಣ್ಣೆ ಗಾಳಿಯಲ್ಲಿನ ಆಮ್ಲಜನಕ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗಬೇಕು. ಒಂದೊಂದು ಬಣ್ಣದ್ದು ಒಂದೊಂದು ಲೆಕ್ಕ. ಬರ್ನ್ಟ್ ಅಂಬರ್ ಅನ್ನುವ ಕಂದು ಬಣ್ಣದಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ, ಟೈಟಾನಿಯಂ ವೈಟ್ ಮತ್ತು ಐವರಿ ಬ್ಲ್ಯಾಕ್ ವಾರ ಕಳೆದರೂ ಹಸಿಯಾಗೇ ಇರುತ್ತವೆ.

ಸಾಗರದಲ್ಲಿ ಅಕ್ಕನ ಗೃಹಪ್ರವೇಶಕ್ಕೆ ಅಂತ ನಮ್ಮ ಹಳೇ ಮನೆಯ ಜಗುಲಿ ಬರೆದಿದ್ದೆ, ಸುಣ್ಣದ ಗೋಡೆ ಚೆನ್ನಾಗಿ ಬರಲಿ ಅಂತ ಪ್ಯಾಲೆಟ್ ನೈಫ್‌ನಲ್ಲಿ ಬಿಳಿಯನ್ನು ದಪ್ಪವಾಗಿ ಹಚ್ಚಿ ಮೂರು ವಾರ ಬಿಟ್ಟಿದ್ದೆ. ಮುಟ್ಟಿದರೆ ಒಣಗಿತ್ತು. ಪೇಪರ್ ಸುತ್ತಿ ಬಸ್ಸಿನಲ್ಲಿ ತಗೊಂಡು ಹೋಗಿ ಬಿಚ್ಚಿದರೆ, ಆ ಬಿಳಿ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿತ್ತು, ಮೇಲೆ ಪೇಪರ್‌ನ ಅಕ್ಷರಗಳು ತಿರುಗುಮುರುಗಾಗಿ ಅಚ್ಚಾಗಿದ್ದವು. ಬೆರಳಿಟ್ಟು ನೋಡಿದೆ, ಒಳಗೆ ಇನ್ನೂ ಬೆಣ್ಣೆ. ಅಕ್ಕ ಏನೂ ಅನ್ನದೆ ಗೋಡೆಗೆ ಹಾಕಿಸಿದಳು. ಅವರ ಮನೆಗೆ ಹೋದಾಗೆಲ್ಲ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ, ಸಂಕಟ ಆಗುತ್ತದೆ.

ಇನ್ನು ಬಣ್ಣ ತೆಳುಮಾಡಲು, ಬ್ರಷ್ ತೊಳೆಯಲು ಬಳಸುವ ಟರ್ಪೆಂಟೈನ್‌ನ ಘಾಟು. ನಮ್ಮದು ಎರಡು ರೂಮಿನ ಮನೆ, ಅಮ್ಮನಿಗೆ ಉಬ್ಬಸ. ಒಂದು ದಿನ ಮಳೆ ಅಂತ ಕಿಟಕಿ ಹಾಕಿಕೊಂಡು ಕೂತಿದ್ದೆ, ಅರ್ಧ ಗಂಟೆಗೆ ಅಮ್ಮ ಕೆಮ್ಮಲು ಶುರು ಮಾಡಿದರು. ಅವತ್ತಿನಿಂದ ಮನೆಯೊಳಗೆ ಆ ಬಾಟಲಿ ತೆಗೆದಿಲ್ಲ. ವಾಸನೆ ಇಲ್ಲದ ಥಿನ್ನರ್ ಸಿಗುತ್ತದೆ ನಿಜ, ಆದರೆ ಅದೂ ಆವಿಯಾಗಿ ಗಾಳಿಗೆ ಸೇರುತ್ತದೆ, ವಾಸನೆ ಬರಲ್ಲ ಅಂತ ಕಿಟಕಿ ಮುಚ್ಚಬೇಡಿ.

ನನಗೆ ನಿಜವಾಗಲೂ ಸಿಟ್ಟು ಬಂದಿದ್ದು ಬಟ್ಟೆ ಚೂರಿನ ವಿಷಯಕ್ಕೆ. ಅಗಸೆ ಎಣ್ಣೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ಬ್ರಷ್ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಕಸದ ಬುಟ್ಟಿಗೆ ಹಾಕಿದರೆ ಆ ಬಿಸಿ ಹೊರಗೆ ಹೋಗಲಾರದೆ ಒಳಗೇ ಏರಿ, ಬೆಂಕಿ ಕಡ್ಡಿ ಗೀರದೆಯೇ ಹೊತ್ತಿಕೊಳ್ಳಬಹುದು. ನಾನು ತಿಂಗಳುಗಟ್ಟಲೆ ಹಾಗೇ ಹಾಕುತ್ತಿದ್ದೆ, ಅದೂ ಅಡುಗೆಮನೆ ಬಾಗಿಲ ಪಕ್ಕದ ಬುಟ್ಟಿಗೆ! ನನ್ನ ಸೆಟ್‌ನ ಡಬ್ಬದ ಮೇಲೆ ಇದರ ಬಗ್ಗೆ ಒಂದು ಸಾಲೂ ಇಲ್ಲ. ಮಕ್ಕಳೂ ತಗೊಳ್ಳುವ ಸಾಮಾನು, ಬರೆಯಬೇಕು ಅಲ್ವಾ? ಈಗ ಬಟ್ಟೆಯನ್ನು ಹೊರಗೆ ಬಿಡಿಬಿಡಿಯಾಗಿ ಹರಡಿ ಒಣಗಿಸುತ್ತೇನೆ, ಆಗದಿದ್ದರೆ ನೀರು ತುಂಬಿದ ತಗಡಿನ ಡಬ್ಬದಲ್ಲಿ ಮುಳುಗಿಸಿ ಮುಚ್ಚಳ ಹಾಕುತ್ತೇನೆ.

ಸಣ್ಣಪುಟ್ಟವೂ ಇವೆ. ಮುಚ್ಚಳ ಕಚ್ಚಿಕೊಳ್ಳುತ್ತದೆ, ಬಿಸಿನೀರಲ್ಲಿ ಅದ್ದಿ ತೆಗೆಯಬೇಕು. ಹಳದಿ ಟ್ಯೂಬ್ ಒತ್ತಿದರೆ ಮೊದಲು ಬರೀ ಎಣ್ಣೆ ಬರುತ್ತದೆ. ಕ್ಯಾಡ್ಮಿಯಂ ಹೆಸರಿನ ಪಕ್ಕ ‘ಹ್ಯೂ’ ಅಂತ ಇದ್ದರೆ ಅದು ಅಗ್ಗದ ಬದಲಿ ಬಣ್ಣ, ನನ್ನ ಸೆಟ್‌ನಲ್ಲಿ ಅದು ಎರಡು ಸಲ ಹಚ್ಚಿದರೂ ಕೆಳಗಿನದನ್ನು ಮುಚ್ಚಲಿಲ್ಲ. ಬೀರು ಹಿಂದೆ ಇಟ್ಟಿದ್ದ ಚಿತ್ರದ ಬಿಳಿ ಹಳದಿ ತಿರುಗಿತ್ತು, ಕತ್ತಲಲ್ಲಿ ಅಗಸೆ ಎಣ್ಣೆ ಹಾಗಾಗುತ್ತದಂತೆ. ಕಿಟಕಿ ಪಕ್ಕ ಬೆಳಕಲ್ಲಿ ಇಟ್ಟ ಮೇಲೆ ಸುಮಾರು ಸರಿಹೋಯಿತು.

ಇಷ್ಟೆಲ್ಲ ಹೇಳಿದರೂ, ಹಸಿ ಬಣ್ಣದ ಮೇಲೆ ಹಸಿ ಬಣ್ಣ ಎಳೆದು ಕೆನ್ನೆಯ ನೆರಳನ್ನು ಸಾವಕಾಶವಾಗಿ ತಿದ್ದುವ ಸುಖ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ. ಗಾಳಿಯಾಡುವ ಬೇರೆ ಜಾಗ ಇದ್ದವರು ತಗೊಳ್ಳಿ, ಆದರೆ ಸೆಟ್ ಬೇಡ. ಬಿಳಿಯ ದೊಡ್ಡ ಟ್ಯೂಬ್ ಒಂದು, ಜೊತೆಗೆ ಕೆಂಪು, ಹಳದಿ, ನೀಲಿ, ಬರ್ನ್ಟ್ ಅಂಬರ್ ಬಿಡಿಯಾಗಿ ಕೊಳ್ಳಿ. ನನ್ನ ಬಿಳಿ ಮೊದಲ ತಿಂಗಳಲ್ಲೇ ಖಾಲಿ, ಎರಡು ಹಸಿರು ಟ್ಯೂಬ್ ಇನ್ನೂ ಮುಚ್ಚಳ ಕಚ್ಚಿಕೊಂಡು ಕೂತಿವೆ.