ಚರ್ಮ ಹೊಲಿಯಲು ಯಾವ ಮೆಷಿನ್? ಮಂಗಳೂರಿನಲ್ಲಿ ಬಳಸಿ ನೋಡಿದ ಹೋಲಿಕೆ

ಚರ್ಮದ ಕೆಲಸಕ್ಕೆ ಮೆಷಿನ್ ಕೊಳ್ಳಲು ಹೊರಟವರು ಮೊದಲು ಕೇಳುವುದು ಮೋಟರ್ ಎಷ್ಟು ಪವರ್ ಅಂತ. ಆಮೇಲೆ ಕಂಪನಿ ಯಾವುದು ಅಂತ. ಎರಡೂ ಬೇಕಾದ ಪ್ರಶ್ನೆಗಳೇ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ್ದು ಒಂದು ಉಂಟು. ಈ ಮೆಷಿನ್ ಚರ್ಮವನ್ನು ಹೇಗೆ ಮುಂದಕ್ಕೆ ಒಯ್ಯುತ್ತದೆ? ಸೂಜಿಯ ಕೆಳಗಿನ ಪ್ಲೇಟಿನಿಂದ ಇಣುಕುವ ಹಲ್ಲು ಮಾತ್ರ ಎಳೆಯುತ್ತದಾ, ಚರ್ಮವನ್ನು ಮೇಲಿನಿಂದ ಒತ್ತಿ ಹಿಡಿಯುವ ಕಾಲೂ (ಪ್ರೆಸ್ಸರ್ ಫೂಟ್) ನಡೆಯುತ್ತದಾ, ಸೂಜಿಯೂ ಜೊತೆಗೆ ಹೋಗುತ್ತದಾ? ಹೊಲಿಗೆ ಚೆಂದ ಬರುವುದು ಹೆಚ್ಚಿನ ಮಟ್ಟಿಗೆ ಇದರಿಂದಲೇ.

ಕಂಕನಾಡಿ ಹತ್ತಿರ ನನ್ನ ಸಣ್ಣ ವರ್ಕ್‌ಶಾಪ್ ಇದೆ. ಬ್ಯಾಗ್, ಬೆಲ್ಟ್, ಪರ್ಸ್, ಲ್ಯಾಪ್‌ಟಾಪ್ ಕವರ್ ಮಾಡುತ್ತೇನೆ. ಚರ್ಮ ಆಂಬೂರು, ರಾಣಿಪೇಟೆ ಕಡೆಯಿಂದ ತರಿಸುವುದು. ಸಾದಾ ಸಿಂಗಲ್ ನೀಡಲ್, ಹಳೆಯ ಜಪಾನಿ ವಾಕಿಂಗ್ ಫೂಟ್, ಅದೇ ನಮೂನೆಯ ಹೊಸ ಚೀನಾ ವಾಕಿಂಗ್ ಫೂಟ್, ಪ್ಯಾಚ್ ಮೆಷಿನ್, ಸಿಲಿಂಡರ್ ಆರ್ಮ್ – ಇಷ್ಟರಲ್ಲಿ ಹೊಲಿದು ನೋಡಿದ್ದೇನೆ. ಕೆಲವು ನನ್ನವು, ಕೆಲವು ಗೆಳೆಯರವು. ಎಲ್ಲದರಲ್ಲೂ ಒಂದೇ ಪರೀಕ್ಷೆ. 2 ಮಿ.ಮೀ. ಚರ್ಮದ ಎರಡು ಪದರ, ನಡುವೆ ಪಟ್ಟಿ ಸೇರುವ ಕಡೆ ನಾಲ್ಕು ಪದರ. ಅಂದರೆ ಹೊಲಿಗೆ 4 ಮಿ.ಮೀ.ನಿಂದ 8ಕ್ಕೆ ಹತ್ತಬೇಕು, ಮತ್ತೆ 4ಕ್ಕೆ ಇಳಿಯಬೇಕು. ಬ್ಯಾಗಿನ ಹಿಡಿ ಹೊಲಿಯುವವರಿಗೆ ಇದು ದಿನನಿತ್ಯದ ಕೆಲಸ, ಅಲ್ವಾ?

ಮೊದಲು ಸಿಂಗಲ್ ನೀಡಲ್. ಗಾರ್ಮೆಂಟ್ಸ್‌ನಲ್ಲಿ ಸಾಲಾಗಿ ಇಟ್ಟಿರುತ್ತಾರಲ್ಲ, ಜಪಾನಿನ ಜೂಕಿ ಕಂಪನಿಯ ಡಿಡಿಎಲ್-8700 ಜಾತಿಯದು. ಅಗ್ಗ, ಎಲ್ಲ ಕಡೆ ಸಿಗುತ್ತದೆ, ಯಾವ ಮೆಕ್ಯಾನಿಕ್ಕಿಗೂ ಗೊತ್ತು. ಶರ್ಟಿನ ಬಟ್ಟೆಗೆ ಮಾಡಿದ ಮೆಷಿನ್ ಅದು, ನಿಮಿಷಕ್ಕೆ 5,500 ಹೊಲಿಗೆಯವರೆಗೆ ಓಡುತ್ತದೆ. ಚರ್ಮಕ್ಕೆ ಆ ವೇಗ ಬೇಡವೇ ಬೇಡ. ಇದರಲ್ಲಿ ಕೆಳಗಿನ ಹಲ್ಲು ಮಾತ್ರ ಎಳೆಯುತ್ತದೆ, ಮೇಲಿನ ಕಾಲು ಸುಮ್ನೆ ಒತ್ತಿ ಕೂತಿರುತ್ತದೆ. ಕೆಳಗಿನ ಪದರ ಮುಂದೆ ಹೋಗುತ್ತದೆ, ಮೇಲಿನದು ಹಿಂದೆ ಉಳಿಯುತ್ತದೆ. ಬ್ಯಾಗಿನ ಉದ್ದದ ಬದಿ ಹೊಲಿದು ಮುಗಿಸುವಾಗ ಮೇಲಿನ ತುಂಡು ಉಳಿದುಕೊಂಡಿರುತ್ತದೆ. ಸೊಲ್ಯೂಶನ್ (ಅಂಟು) ಹಚ್ಚಿ, ಸುತ್ತಿಗೆಯಿಂದ ತಟ್ಟಿ, ಒಣಗಿಸಿ ಹೊಲಿದರೆ ಜಾರುವುದು ಎಷ್ಟೋ ಕಡಿಮೆಯಾಗುತ್ತದೆ. ಟೆಫ್ಲಾನ್ ಕಾಲು ಅಥವಾ ರೋಲರ್ ಕಾಲು ಹಾಕಿದರೆ ಇನ್ನೂ ಒಳ್ಳೆಯದು. ದೊಡ್ಡ ಹಲ್ಲಿನ ಬದಲು ಸಣ್ಣ ಹಲ್ಲು ಹಾಕಿದರೆ ಚರ್ಮದ ಅಡಿಯಲ್ಲಿ ಬೀಳುವ ಗೆರೆಯೂ ತಗ್ಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ಪರ್ಸ್, ಕಾರ್ಡ್ ಹೋಲ್ಡರ್, ತೆಳು ಚರ್ಮದ ಪೌಚ್‌ಗೆ ಇದು ಸಾಕು. ಹೊಲಿಗೆ ಅಚ್ಚುಕಟ್ಟಾಗಿಯೇ ಬರುತ್ತದೆ. ನನ್ನ ಪರೀಕ್ಷೆಯ ತುಂಡಿನಲ್ಲಿ ಮಾತ್ರ ಏರು ಬಂದ ಕೂಡಲೇ ಹೊಲಿಗೆ ಚಿಕ್ಕದಾಯಿತು, ಸೂಜಿ ಬಾಗಿತು. ಕೈಲಿ ಎತ್ತಿದರೆ ಕಾಲು ಏಳುವುದೇ 5.5 ಮಿ.ಮೀ. ಮಂಡಿಯಿಂದ ಒತ್ತಿದರೆ 13ರವರೆಗೆ ಏಳುತ್ತದೆ, ಆಗ ತುಂಡು ಒಳಗೆ ಹೋಗುತ್ತದೆ. ಆದರೆ ಒಳಗೆ ಹೋದದ್ದೆಲ್ಲ ಹೊಲಿಗೆಯಾಗುವುದಿಲ್ಲ. ಬೆಲ್ಟ್, ದಪ್ಪ ಬ್ಯಾಗ್ ಮಾಡುವವರು ಇದನ್ನು ಕೊಂಡು ಆಮೇಲೆ ಸುಧಾರಿಸುತ್ತೇನೆ ಅಂದುಕೊಳ್ಳಬಾರದು. ಎಷ್ಟು ಖರ್ಚು ಮಾಡಿದರೂ ಅದರ ಕಾಲು ನಡೆಯುವುದಿಲ್ಲ.

ಈ ಮೆಷಿನ್ ಬಗ್ಗೆ ಇನ್ನೊಂದು ಮಾತು. ಅದರ ಎಣ್ಣೆ ಪಂಪ್ ವೇಗ ಇದ್ದರೆ ಮಾತ್ರ ಸರಿಯಾಗಿ ಮೇಲಕ್ಕೆ ತಳ್ಳುತ್ತದೆ. ಚರ್ಮಕ್ಕೆ ನಾವು ನಿಧಾನ ಓಡಿಸುತ್ತೇವೆ. ಆಗ ತಲೆಯ ಮೇಲಿನ ಗಾಜಿನ ಕಿಂಡಿಯಲ್ಲಿ ಎಣ್ಣೆ ಚಿಮ್ಮುವುದು ಕಾಣುವುದಿಲ್ಲ. ಕೆಳಗೆ ಟ್ರೇ ತುಂಬಾ ಎಣ್ಣೆ ಇದ್ದರೂ ನೀಡಲ್ ಬಾರ್, ಅಂದರೆ ಸೂಜಿ ಹಿಡಿದಿರುವ ಕಂಬಿ, ಒಣಗಿರುತ್ತದೆ. ಹಾಗಾಗಿ ವಾರಕ್ಕೊಮ್ಮೆ ಕೈಯಲ್ಲೇ ಎಣ್ಣೆ ಬಿಡಬೇಕು. ಆಗಾಗ ಚರ್ಮ ತೆಗೆದು, ದಾರ ತೆಗೆದು, ಕಾಲು ಎತ್ತಿಟ್ಟು ಒಂದೆರಡು ನಿಮಿಷ ಜೋರಾಗಿ ಓಡಿಸುವುದೂ ಒಳ್ಳೆಯದು.

ಇನ್ನು ವಾಕಿಂಗ್ ಫೂಟ್. ಇದರಲ್ಲಿ ಎರಡು ಕಾಲು. ಒಳಗಿನದು ಚರ್ಮವನ್ನು ಹಿಡಿದು ಸೂಜಿಯ ಜೊತೆ ಹಿಂದೆ ಹೋಗುತ್ತದೆ, ಅಷ್ಟರಲ್ಲಿ ಹೊರಗಿನದು ಮೇಲೆ ಏಳುತ್ತದೆ. ಆಮೇಲೆ ಹೊರಗಿನದು ಒತ್ತಿ ಹಿಡಿಯುತ್ತದೆ, ಒಳಗಿನದು ಮುಂದೆ ಬರುತ್ತದೆ. ಹಲ್ಲು, ಸೂಜಿ, ಒಳಗಿನ ಕಾಲು ಮೂರೂ ಒಟ್ಟಿಗೆ ಎಳೆಯುವುದರಿಂದ ಪದರ ಜಾರಲು ಜಾಗವೇ ಇಲ್ಲ. ಜೂಕಿ ಡಿಎನ್‌ಯು-1541 ಈ ಜಾತಿಯದು. ಹೊಲಿಗೆ 9 ಮಿ.ಮೀ.ವರೆಗೆ ಉದ್ದ ಮಾಡಬಹುದು, ಮಂಡಿಯಿಂದ ಕಾಲು 16 ಮಿ.ಮೀ. ಏಳುತ್ತದೆ. ಕೆಳಗಿನ ದಾರ ಸುತ್ತುವ ಬಾಬಿನ್ ದೊಡ್ಡದು, ದಪ್ಪ ದಾರ ಹಾಕಿದಾಗ ಇದರ ಬೆಲೆ ಗೊತ್ತಾಗುತ್ತದೆ. ಬೆಲ್ಟಿನ ನಡುವೆ ಬಾಬಿನ್ ಮುಗಿದರೆ ಜೋಡಿಸಿದ ಜಾಗ ಕಣ್ಣಿಗೆ ಹೊಡೆಯುತ್ತದಲ್ಲ. 1541ಎಸ್ ಅಂತ ಇರುವುದರಲ್ಲಿ ಸೇಫ್ಟಿ ಕ್ಲಚ್ ಇದೆ. ಕೆಳಗೆ ತಿರುಗುತ್ತಾ ಸೂಜಿಯ ದಾರ ಹಿಡಿಯುವ ಹುಕ್ಕಿಗೆ ದಾರ ಸಿಕ್ಕಿಕೊಂಡರೆ ಕ್ಲಚ್ ಬಿಟ್ಟುಕೊಳ್ಳುತ್ತದೆ, ಸೂಜಿಗೂ ಹುಕ್ಕಿಗೂ ಇರುವ ಟೈಮಿಂಗ್ ಹಾಳಾಗುವುದಿಲ್ಲ. ಹೊಸಬರಿಗೆ ಇದು ದೊಡ್ಡ ಉಪಕಾರ.

ಅಂಗಡಿಯಲ್ಲಿ ಒಂದು ವಿಷಯ ಚೆನ್ನಾಗಿ ನೋಡಿಕೊಳ್ಳಿ. ವಾಕಿಂಗ್ ಫೂಟ್ ಅಂತ ಮಾರುವ ಎಲ್ಲದರಲ್ಲೂ ಸೂಜಿ ನಡೆಯುವುದಿಲ್ಲ. ಕೆಲವದರಲ್ಲಿ ಹಲ್ಲು ಮತ್ತು ಕಾಲು ಮಾತ್ರ. ರೆಕ್ಸಿನ್ ಸೀಟ್ ಕವರಿಗೆ ಅದೂ ಆಗುತ್ತದೆ, ದಪ್ಪ ಚರ್ಮಕ್ಕೆ ಮೂರೂ ಇರುವುದೇ ಬೇಕು. ಕಂಡುಹಿಡಿಯುವುದು ಸುಲಭ. ಹೊಲಿಗೆ ಅತಿ ಉದ್ದಕ್ಕೆ ಇಟ್ಟು ಕೈಚಕ್ರವನ್ನು ನಿಧಾನ ತಿರುಗಿಸಿ. ಸೂಜಿ ಕೆಳಗಿರುವಾಗ ಹಲ್ಲಿನ ಜೊತೆಗೇ ಹಿಂದಕ್ಕೆ ಹೋದರೆ ಸರಿ. ನೆಟ್ಟಗೆ ಇಳಿದು ನೆಟ್ಟಗೆ ಏಳುವುದಾದರೆ ಅದು ಬೇರೆ ಜಾತಿ.

ನನ್ನದು ಹಳೆಯ ಜಪಾನಿ ಹೆಡ್ (ಹೆಡ್ ಅಂದರೆ ಮೋಟರ್, ಟೇಬಲ್ ಬಿಟ್ಟು ಹೊಲಿಯುವ ಭಾಗ). ಉಡುಪಿಯಲ್ಲಿ ಸೀಟ್ ಕವರ್ ಮಾಡುವ ಗೆಳೆಯನ ಹತ್ತಿರ ಹೊಸ ಚೀನಾ ಹೆಡ್ ಇದೆ, ಅದರಲ್ಲೂ ಸೂಜಿ ನಡೆಯುತ್ತದೆ. ಒಂದೇ ಚರ್ಮ, ಒಂದೇ ದಾರ ತೆಗೆದುಕೊಂಡು ಹೋಗಿ ಎರಡರಲ್ಲೂ ಹೊಲಿದೆ. ಏರಿನಲ್ಲಿ ವ್ಯತ್ಯಾಸ ಹುಡುಕಬೇಕು, ಅಷ್ಟು ಕಡಿಮೆ. ಇಳಿಜಾರಿನಲ್ಲಿ ಚೀನಾದ್ದು ಒಂದೆರಡು ಹೊಲಿಗೆ ಚಿಕ್ಕದು ಮಾಡಿತು. ಕಾಲಿನ ಸ್ಪ್ರಿಂಗ್ ಸ್ವಲ್ಪ ಬಿಗಿ ಮಾಡಿದ ಮೇಲೆ ಅದೂ ಸುಧಾರಿಸಿತು. ರಿವರ್ಸ್‌ನಲ್ಲಿ ಜಪಾನಿ ಮೆಷಿನ್ ಅದೇ ತೂತಿಗೆ ವಾಪಸ್ ಇಳಿಯುತ್ತದೆ, ಚೀನಾದ್ದು ಕೂದಲೆಳೆಯಷ್ಟು ಪಕ್ಕಕ್ಕೆ. ಸೀಟ್ ಕವರಿನಲ್ಲಿ ಅದನ್ನು ಯಾರೂ ನೋಡುವುದಿಲ್ಲ. ಬಿಳಿ ದಾರದಲ್ಲಿ ಹೊಲಿದ ಕಪ್ಪು ಬೆಲ್ಟಿನಲ್ಲಿ ಎಲ್ಲರೂ ನೋಡುತ್ತಾರೆ. ಚೀನಾ ಹೆಡ್‌ನ ಸ್ಕ್ರೂಗಳು ಶುರುವಿನ ತಿಂಗಳುಗಳಲ್ಲಿ ಸಡಿಲವಾಗುತ್ತಿದ್ದವು, ಪದೇ ಪದೇ ಬಿಗಿ ಮಾಡಬೇಕಾಯಿತು. ಆಮೇಲೆ ತೊಂದರೆ ಇಲ್ಲ.

ನನ್ನ ಅಭಿಪ್ರಾಯ ಹೀಗೆ. ಮೆಷಿನ್ ನೋಡಿ ಪರೀಕ್ಷಿಸಲು ಗೊತ್ತಿರುವವರು ಜೊತೆಗಿದ್ದರೆ ಹಳೆಯ ಜಪಾನಿ ಹೆಡ್. ಇಲ್ಲದಿದ್ದರೆ ಹೊಸ ಚೀನಾ ಹೆಡ್. ಹೊಸ ಬಣ್ಣ ಬಳಿದು ಮಾರುವ ಹಳೆಯ ಹೆಡ್‌ಗಳು ಬೇಕಾದಷ್ಟು ಇವೆ, ಬಣ್ಣ ನೋಡಿ ಮರುಳಾಗಬೇಡಿ. ನೀಡಲ್ ಬಾರ್ ಹಿಡಿದು ಅಲ್ಲಾಡಿಸಿ, ಆಟ ಇರಬಾರದು. ಸೂಜಿ ಪ್ಲೇಟ್ ಬಿಚ್ಚಿಸಿ ಹುಕ್ಕಿನ ಮೊನೆ ನೋಡಿ. ಅಲ್ಲಿ ತುಕ್ಕಿನ ಗುಳಿ ಇದ್ದರೆ ದಾರ ಹರಿಯುತ್ತಲೇ ಇರುತ್ತದೆ. ಅಂಗಡಿಯವರು ಕೊಡುವ ಬಟ್ಟೆಯ ಮೇಲೆ ಹೊಲಿಯಬೇಡಿ, ನಿಮ್ಮದೇ ಚರ್ಮ ಮತ್ತು ನಿಮ್ಮದೇ ದಾರ ಒಯ್ಯಿರಿ. ಕೊಳ್ಳುವ ಮೊದಲು ರಿಕ್ಷಾದ ಟಾಪು, ಕಾರಿನ ಸೀಟು ಹೊಲಿಯುವ ಅಂಗಡಿಗಳಲ್ಲಿ ಒಮ್ಮೆ ಮಾತಾಡಿಸಿ. ನನಗೆ ಒಳ್ಳೆಯ ಸಲಹೆ ಸಿಕ್ಕಿದ್ದು ಅಂಥ ಕಡೆಯೇ. "ಮೋಟರ್ ಯಾವಾಗ ಬೇಕಾದರೂ ಬದಲಿಸಬಹುದು ಮಾರಾಯ್ರೆ, ಹೆಡ್ ಸರಿ ನೋಡಿ ತಗೊಳ್ಳಿ" ಅಂದಿದ್ದರು ಒಬ್ಬ ಹಿರಿಯ ಮೆಕ್ಯಾನಿಕ್.

ವಾಕಿಂಗ್ ಫೂಟಿನ ಒಂದು ಕೊರತೆ ಅಂದರೆ ಗುರುತು. ಒಳಗಿನ ಕಾಲಿಗೆ ಹಲ್ಲಿದ್ದರೆ ಚರ್ಮದ ಮೇಲ್ಮೈಯಲ್ಲೇ ಗೆರೆ ಬೀಳುತ್ತದೆ. ಕ್ರೋಮಿಯಂ ಲವಣದಿಂದ ಹದ ಮಾಡಿದ ಕ್ರೋಮ್ ಚರ್ಮದಲ್ಲಿ ಅಷ್ಟು ಕಾಣುವುದಿಲ್ಲ. ತೊಗಟೆಯಿಂದ ಹದ ಮಾಡಿದ ವೆಜ್ ಚರ್ಮದಲ್ಲಿ ಹಾಗೇ ಉಳಿದುಬಿಡುತ್ತದೆ. ಹಲ್ಲಿಲ್ಲದ ನಯ ಕಾಲು ಸಿಗುತ್ತದೆ, ಅದನ್ನೇ ಹಾಕಿ. ಅಂಚು ಚೂಪಾಗಿದ್ದರೆ ನಯವಾದ ಎಮರಿ ಕಾಗದದಲ್ಲಿ ಉಜ್ಜಿ ಪಾಲಿಶ್ ಮಾಡಿ.

ಈಗ ಮೋಟರ್. ಹಳೆಯ ಹೆಡ್ ಜೊತೆ ಸಾಮಾನ್ಯವಾಗಿ ಬರುವುದು ಅರ್ಧ ಎಚ್‌ಪಿ ಕ್ಲಚ್ ಮೋಟರ್. ಸ್ವಿಚ್ ಹಾಕಿದರೆ ಇಡೀ ದಿನ ತಿರುಗುತ್ತಲೇ ಇರುತ್ತದೆ, ನೀವು ಹೊಲಿಯಲಿ ಬಿಡಲಿ. ಸದ್ದು, ಬಿಸಿ, ಕರೆಂಟ್ ಬಿಲ್ ಮೂರೂ ಜಾಸ್ತಿ. ಪೆಡಲ್ ಮೇಲೆ ಪಾದ ಪಳಗಿದವರು ಅದರಲ್ಲೇ ಒಂದೊಂದೇ ಹೊಲಿಗೆ ಹಾಕುತ್ತಾರೆ, ಅವರ ಕೆಲಸ ನೋಡಲು ಖುಷಿಯಾಗುತ್ತದೆ. ಆದರೆ ಕಲಿಯಲು ಕಾಲ ಬೇಕು. ಕಡಿಮೆ ಖರ್ಚಿನ ಉಪಾಯ ಪುಲ್ಲಿ ಬದಲಿಸುವುದು. ಮೋಟರಿನ 90 ಮಿ.ಮೀ. ಪುಲ್ಲಿ ತೆಗೆದು 45ರದ್ದು ಹಾಕಿದರೆ ವೇಗ ಅರ್ಧವಾಗುತ್ತದೆ, ಎಳೆತ ಹೆಚ್ಚುತ್ತದೆ. ಬೆಲ್ಟೂ ಚಿಕ್ಕದು ಹಾಕಬೇಕು.

ಸರ್ವೋ ಮೋಟರ್ ಪೆಡಲ್ ಒತ್ತಿದಾಗ ಮಾತ್ರ ತಿರುಗುತ್ತದೆ. ವೇಗಕ್ಕೆ ಮಿತಿ ಇಡಬಹುದು. ನೀಡಲ್ ಪೊಸಿಷನರ್ ಇರುವುದಾದರೆ ನಿಂತಾಗ ಸೂಜಿ ಚರ್ಮದ ಒಳಗೇ ಇರುತ್ತದೆ, ಮೂಲೆ ತಿರುಗಿಸಲು ಆರಾಮ. ನಾನು ಮಾಡಿದ ಬದಲಾವಣೆಗಳಲ್ಲಿ ಕೆಲಸದ ರೂಪವನ್ನೇ ಬದಲಿಸಿದ್ದು ಇದು. ಒಂದೇ ಎಚ್ಚರಿಕೆ, ಅಗ್ಗದ ಸರ್ವೋ ತೀರಾ ನಿಧಾನದಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ದಪ್ಪ ಬಂದ ಕಡೆ ಸೂಜಿ ಅರ್ಧದಲ್ಲಿ ನಿಲ್ಲುತ್ತದೆ. ಇದಕ್ಕೂ ಸಣ್ಣ ಪುಲ್ಲಿಯೇ ಮೊದಲ ಮದ್ದು. ಅದೂ ಸಾಲದಿದ್ದರೆ ನಡುವೆ ಸ್ಪೀಡ್ ರಿಡ್ಯೂಸರ್. ವೇಗ ಮೂರನೇ ಒಂದಕ್ಕೆ ಇಳಿದರೆ ಎಳೆತ ಹೆಚ್ಚುಕಡಿಮೆ ಮೂರು ಪಟ್ಟು.

ಆದರೆ ನಮ್ಮ ಊರಿನಲ್ಲಿ ಸರ್ವೋಗೆ ಸಿಡಿಲಿನ ಭಯ ಉಂಟು. ಏಪ್ರಿಲ್-ಮೇಯಲ್ಲಿ, ಮತ್ತೆ ಅಕ್ಟೋಬರ್-ನವೆಂಬರಿನಲ್ಲಿ ಸಂಜೆ ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಕ್ಲಚ್ ಮೋಟರ್ ಸುಟ್ಟರೆ ವೈಂಡಿಂಗ್ ಮಾಡಿಸಬಹುದು. ಸರ್ವೋದ ಕಂಟ್ರೋಲ್ ಬಾಕ್ಸ್ ಹೋದರೆ ಬಹಳ ಸಲ ಹೊಸದೇ ಬೇಕಾಗುತ್ತದೆ. ಅರ್ಥಿಂಗ್ ಮೊದಲೇ ಸರಿ ಮಾಡಿಸಿಕೊಳ್ಳಿ.

ಪ್ಯಾಚ್ ಮೆಷಿನ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಸಿಂಗರ್ 29ಕೆ ಮತ್ತು ಅದರ ನಕಲುಗಳು. 'ಕೆ' ಅಂದರೆ ಸ್ಕಾಟ್ಲೆಂಡಿನ ಕಿಲ್ಬೋವಿ ಕಾರ್ಖಾನೆ. ಅದರ ಕಾಲು ಸುತ್ತಲೂ ತಿರುಗುತ್ತದೆ, ಯಾವ ದಿಕ್ಕಿಗೆ ಬೇಕಾದರೂ ಹೊಲಿಯಬಹುದು. ಚಪ್ಪಲಿ, ಶೂ, ಹರಿದ ಬ್ಯಾಗ್ ರಿಪೇರಿಗೆ ಇದಕ್ಕೆ ಸಮ ಇಲ್ಲ. ಹೊಸ ಮಾಲು ಮಾಡಲು ಬೇಡ. ಹೊಲಿಗೆಯ ಉದ್ದ ಒಂದೇ ಸಮ ಬರುವುದಿಲ್ಲ, ಹಳೆಯ ಮಾಡೆಲ್‌ಗಳ ಬಾಬಿನ್ ತೀರಾ ಸಣ್ಣದು. ಸಿಲಿಂಡರ್ ಆರ್ಮ್, ಅಂದರೆ ಹೊಲಿಯುವ ಜಾಗ ಪೈಪಿನ ಹಾಗೆ ಚಾಚಿರುವ ಜೂಕಿ ಎಲ್‌ಎಸ್-1341 ನಮೂನೆಯದು, ದುಂಡಗಿನ ಬ್ಯಾಗಿನ ಬದಿ ಕೂರಿಸಲು ಬಹಳ ಹಿತ. ಚಪ್ಪಟೆ ಮೇಜಿನ ಫ್ಲ್ಯಾಟ್ ಬೆಡ್‌ನಲ್ಲಿ ಬ್ಯಾಗನ್ನು ಮಡಚಿ ಹಿಂಸೆ ಪಡುವ ಕಡೆ ಇದು ಸಲೀಸಾಗಿ ತಿರುಗುತ್ತದೆ. ಟೇಬಲ್ ಜೋಡಿಸಿದರೆ ಬೆಲ್ಟನ್ನೂ ಹೊಲಿಯಬಹುದು. ಬೆಲೆ ಜಾಸ್ತಿ. ಬ್ಯಾಗೇ ಮುಖ್ಯ ಕೆಲಸ ಆಗಿದ್ದರೆ ಆ ದುಡ್ಡಿಗೆ ಮೋಸವಿಲ್ಲ.

ಸೂಜಿ-ದಾರದ ಲೆಕ್ಕ ತಪ್ಪಿದರೆ ಯಾವ ಮೆಷಿನ್ನೂ ಹೊಲಿಯುವುದಿಲ್ಲ. ಸಿಂಗಲ್ ನೀಡಲ್‌ಗೆ ಡಿಬಿ×1, ವಾಕಿಂಗ್ ಫೂಟ್‌ಗೆ ಉದ್ದದ ಡಿಪಿ×17. ಒಂದರ ಸೂಜಿ ಇನ್ನೊಂದಕ್ಕೆ ಹಾಕಬೇಡಿ. ಬಾಂಡೆಡ್ ನೈಲಾನ್ ಟೆಕ್ಸ್ 70 ದಾರಕ್ಕೆ (ಟೆಕ್ಸ್ ಅಂದರೆ ದಾರದ ದಪ್ಪದ ಅಳತೆ) ನಾನು 18 ನಂಬರ್ ಸೂಜಿ ಹಾಕುತ್ತೇನೆ, ಟೆಕ್ಸ್ 135ಕ್ಕೆ 22. ಚರ್ಮದ ಸೂಜಿಗಳಲ್ಲಿ ಎಲ್‌ಆರ್ ಮೊನೆ ಓರೆಯಾಗಿ ಕತ್ತರಿಸುತ್ತದೆ, ಹೊಲಿಗೆ ಚೆಂದದ ಓರೆ ಸಾಲಾಗಿ ಕೂರುತ್ತದೆ. ಎಸ್ ಮೊನೆಯಲ್ಲಿ ಸಾಲು ನೇರ. ಆದರೆ ಅದು ಹೊಲಿಗೆಯ ದಿಕ್ಕಿಗೇ ಕತ್ತರಿಸುವುದರಿಂದ ಹೊಲಿಗೆ ಒತ್ತಾಗಿ ಹಾಕಿದರೆ ಚರ್ಮ ಆ ಗೆರೆಯಲ್ಲೇ ಹರಿಯುತ್ತದೆ. ಬೆಲ್ಟಿಗೆ ನನ್ನ ಆಯ್ಕೆ ಎಲ್‌ಆರ್, 4 ಮಿ.ಮೀ. ಹೊಲಿಗೆ.

ಕರಾವಳಿಯಲ್ಲಿ ಮೆಷಿನ್ನಿನ ನಿಜವಾದ ಶತ್ರು ಉಪ್ಪುಗಾಳಿ ಮತ್ತು ಮಳೆಗಾಲ. ಜೂನ್ ಬಂತೆಂದರೆ ಚರ್ಮಕ್ಕೆ ಬೂಷ್ಟು, ಕಬ್ಬಿಣಕ್ಕೆ ತುಕ್ಕು. ರಾತ್ರಿ ಬೀಗ ಹಾಕುವ ಮೊದಲು ಸೂಜಿ ಪ್ಲೇಟ್, ಕಾಲು, ನೀಡಲ್ ಬಾರ್‌ಗೆ ಎಣ್ಣೆ ಬಟ್ಟೆಯಲ್ಲಿ ಒರೆಸಿ. ಮೆಷಿನ್ ಎಣ್ಣೆಯೇ ಆಗಬೇಕು. ತೆಂಗಿನೆಣ್ಣೆ ಮನೆಯಲ್ಲೇ ಇದೆ ಅಂತ ಬಿಡಬೇಡಿ, ಧೂಳು ಹಿಡಿದು ಜಿಡ್ಡು ಕಟ್ಟುತ್ತದೆ. ಪ್ಲಾಸ್ಟಿಕ್ ಹೊದಿಸಬೇಡಿ, ಒಳಗೆ ನೀರು ಬೆವರುತ್ತದೆ. ಹತ್ತಿ ಬಟ್ಟೆ ಹೊದಿಸಿ, ಬಟ್ಟೆಗೆ ತಾಗದ ಹಾಗೆ ಒಳಗೊಂದು ಜೀರೋ ಬಲ್ಬ್ ಉರಿಸಿಟ್ಟರೆ ತೇವ ನಿಲ್ಲುವುದಿಲ್ಲ. ಸೂಜಿ, ಬಾಬಿನ್, ಬಾಬಿನ್ ಕೇಸ್ ಇವೆಲ್ಲ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇರಲಿ.

ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳಲ್ಲಿ, ಆರ್ಡರ್ ಕಡಿಮೆ. ದೊಡ್ಡ ಸರ್ವಿಸ್‌ಗೆ ನಾನು ಆ ಹೊತ್ತನ್ನೇ ಇಟ್ಟುಕೊಂಡಿದ್ದೇನೆ. ಸೂಜಿ ಪ್ಲೇಟ್ ತೆಗೆದು ಹಲ್ಲಿನ ಸಂದಿಯ ಚರ್ಮದ ಹುಡಿ ಬ್ರಶ್‌ನಲ್ಲಿ ತೆಗೆಯುವುದು, ಹುಕ್ ತೊಳೆದು ಎಣ್ಣೆ ಬಿಡುವುದು, ಬೆಲ್ಟ್ ಸೀಳಿದೆಯಾ ನೋಡುವುದು, ಟೆನ್ಶನ್ ಬಿಲ್ಲೆಗಳ ನಡುವಿನ ಮೇಣ ಒರೆಸುವುದು. ವಾಕಿಂಗ್ ಫೂಟಿನ ಹುಕ್, ಕಾಲು, ಸ್ಪ್ರಿಂಗ್ ಇಲ್ಲಿ ಕೇಳಿದ ಕೂಡಲೇ ಸಿಗುವುದಿಲ್ಲ, ಬೆಂಗಳೂರಿನಿಂದ ಬರಬೇಕು. ಅಷ್ಟಮಿ, ಚೌತಿಗೆ ಆರ್ಡರ್ ಶುರುವಾಗುವ ಮೊದಲೇ ಒಂದು ಜೊತೆ ತರಿಸಿ ಇಟ್ಟುಕೊಳ್ಳುತ್ತೇನೆ.